ಕರಾವಳಿಯ ಸೆಕೆಯಲ್ಲಿ ಕೊಂಬುಚಾ: ಮಾಡಿ ನೋಡಿದವರ ಮಾತು

ಕೇಳಿದ್ದು (ಮಣಿಪಾಲ): ಗೆಳತಿಯೊಬ್ಬಳು ಕೊಂಬುಚಾ, ಅಂದರೆ ಸಿಹಿ ಚಾ ಹುಳಿ ಬರಿಸಿ ಮಾಡುವ ಪಾನೀಯ, ಮಾಡು ಅಂತ ಸ್ಕೋಬಿ ಕೊಟ್ಟಿದ್ದಾಳೆ. ನೋಡಲು ಬೊಂಡದ ಗಂಜಿಯ ಹಾಗೆ ಒಂದು ಲೋಳೆ ಬಿಲ್ಲೆ. ಚಾ ಹುಳಿ ಬರಲು 7ರಿಂದ 10 ದಿನ ಬೇಕು ಅನ್ನುತ್ತಾರೆ. ನಮ್ಮ ಸೆಕೆಗೂ ಮಳೆಗೂ ಆ ಲೆಕ್ಕ ಸರಿಹೋಗುತ್ತಾ? ಮಾಡಿದವರು ಇದ್ದರೆ ಹೇಳಿ.

ಉಡುಪಿಯಿಂದ: ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಮೊದಲು ಒಂದು ವಿಷಯ. ಆ ಬಿಲ್ಲೆಯ ಮೇಲೆ ಅಷ್ಟು ಮೋಹ ಬೇಡ. ಗೆಳತಿ ಅದರ ಜೊತೆ ಹುಳಿ ನೀರು ಕೊಟ್ಟಿದ್ದಾಳಾ? ಮುಖ್ಯವಾದದ್ದು ಅದು. ಮೊಸರಿಗೆ ಹೆಪ್ಪು ಇದ್ದ ಹಾಗೆ ಇದಕ್ಕೆ ಹಳೆಯ ಕೊಂಬುಚಾ. ಈಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಮಾಡುತ್ತದೆ. ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಹುಳಿ ಮಾಡುತ್ತದೆ. ಕಳ್ಳು ಇಟ್ಟರೆ ವಿನೆಗರ್ ಆಗುತ್ತದಲ್ವಾ, ಅದೇ ದಾರಿ. ಬಿಲ್ಲೆ ಅಂದರೆ ಬ್ಯಾಕ್ಟೀರಿಯಾ ನೇಯ್ದ ನಾರು, ಅಷ್ಟೇ. ಅದಿಲ್ಲದೆ ಹುಳಿ ನೀರು ಮಾತ್ರ ಹಾಕಿದರೂ ಮೇಲೆ ಹೊಸ ಪದರ ಕಟ್ಟುತ್ತದೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಮೊದಲ ವರ್ಷ ಜುಲೈಯಲ್ಲಿ, ಎರಡು ಚಮಚ ಹುಳಿ ನೀರು ಹಾಕಿ ಬಿಲ್ಲೆ ಇಳಿಸಿದೆ. ಐದನೇ ದಿನ ಮೇಲೆಲ್ಲ ಹಸಿರು ಬೂಷ್ಟು. ಉಪ್ಪಿನಕಾಯಿಯ ಹಾಗೆ ಮೇಲಿನದ್ದು ತೆಗೆದರೆ ಸಾಕು ಅಂತ ಅತ್ತೆ ಹೇಳಿದರು. ಬೇಡ ಮಾರಾಯ್ರೇ. ಒಣಗಿದ ಹಾಗೆ, ನವಿರು ನವಿರಾಗಿ ಹಸಿರು, ಕಪ್ಪು ಅಥವಾ ಬಿಳಿ ಕಂಡರೆ ಬಿಲ್ಲೆ ಸಮೇತ ಚೆಲ್ಲಿ. ಕೆಳಗೆ ಕಂದು ನೂಲಿನ ಹಾಗೆ ತೇಲುವುದು ಈಸ್ಟ್, ಅದಕ್ಕೆ ಹೆದರಬೇಡಿ.

ಈಗ ನನ್ನ ಅಳತೆ: 1 ಲೀಟರ್ ನೀರು, 6 ಗ್ರಾಂ ಚಾ ಹುಡಿ, 80 ಗ್ರಾಂ ಸಕ್ಕರೆ, 150 ಮಿಲಿ ಹುಳಿ ನೀರು. ಮಳೆಗಾಲದಲ್ಲಿ 200 ಮಿಲಿ. ಹುಡಿ ಸಾದಾ ಇರಲಿ, ಏಲಕ್ಕಿ ಮಸಾಲೆಯದ್ದು ಬೇಡ. ಚಾ ಪೂರ್ತಿ ತಣಿದ ಮೇಲೆಯೇ ಹೆಪ್ಪು. ಅವಸರ ಮಾಡಿದರೆ ಬಿಸಿಗೆ ಎಲ್ಲ ಸಾಯುತ್ತದೆ. ಗಾಜಿನ ಭರಣಿ ಸಾಕು. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಬಾಯಿಗೆ ಹಳೆಯ ಪಂಚೆಯ ತುಂಡು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ. ಹಲಸಿನ ಹಣ್ಣಿಗೆ ಮುತ್ತುವ ಸಣ್ಣ ನೊಣ ಇದಕ್ಕೂ ಬರುತ್ತದೆ. ಇರುವೆಗೆ, ಭರಣಿಯನ್ನು ನೀರಿನ ತಟ್ಟೆಯಲ್ಲಿ ಇಡಿ.

ದಿನದ ಲೆಕ್ಕ ಕೇಳಿದಿರಿ. ಏಪ್ರಿಲ್, ಮೇಯಲ್ಲಿ ನನಗೆ ಐದು ದಿನಕ್ಕೇ ಆಗುತ್ತದೆ, ಏಳಕ್ಕೆ ಬಿಟ್ಟರೆ ವಿನೆಗರ್. ಮಳೆಗಾಲದಲ್ಲಿ ಏಳೆಂಟು. ದೋಸೆ ಹಿಟ್ಟು ಬೇಸಗೆಯಲ್ಲಿ ಬೇಗ ಉಕ್ಕುವುದಿಲ್ವಾ, ಹಾಗೆಯೇ. ನಾಲ್ಕನೇ ದಿನದಿಂದ ಶುಭ್ರವಾದ ಚಮಚದಲ್ಲಿ ರುಚಿ ನೋಡಿ. ಸಿಹಿಯೂ ಹುಳಿಯೂ ಒಟ್ಟಿಗೆ ಸಿಕ್ಕ ದಿನ ತೆಗೆಯಿರಿ. ಹುಳಿ ಅಳೆಯುವ ಪಿಎಚ್ ಪಟ್ಟಿ ಸಿಕ್ಕಿದರೆ 3ರ ಹತ್ತಿರ ಇರಬೇಕು.

ಮಂಗಳೂರಿನಿಂದ: ಅಕ್ಕ ಎಲ್ಲ ಹೇಳಿದ್ದಾರೆ, ಬಾಟಲಿಯ ವಿಷಯ ನಾನು ಹೇಳುತ್ತೇನೆ. ಸೋಸಿ ಬಾಟಲಿಗೆ ತುಂಬಿ ಶುಂಠಿ ಅಥವಾ ಪುನರ್ಪುಳಿ ಹಾಕಿ ಮುಚ್ಚಿಟ್ಟರೆ ಸೋಡಾದ ಹಾಗೆ ಗುಳ್ಳೆ ಬರುತ್ತದೆ. ನನಗೆ ಪುನರ್ಪುಳಿಯದ್ದೇ ಇಷ್ಟ, ಬಣ್ಣವೂ ಚಂದ. ಅದಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ, ಮೇ ತಿಂಗಳಲ್ಲಿ ನಾಲ್ಕು ದಿನ ಹೊರಗೆ ಬಿಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಢಂ! ಅಡುಗೆಮನೆ ತುಂಬ ಗಾಜು, ಗೋಡೆಗೆಲ್ಲ ಕೆಂಪು. ಪುಣ್ಯಕ್ಕೆ ಯಾರೂ ಅಲ್ಲಿರಲಿಲ್ಲ. ಆಮೇಲಿಂದ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲೂ ಅದನ್ನೇ ತುಂಬಿಡುತ್ತೇನೆ. ಒತ್ತಿದಾಗ ಅದು ಗಟ್ಟಿ ಅನ್ನಿಸಿದರೆ ಎಲ್ಲವೂ ಫ್ರಿಜ್‌ಗೆ. ಬೇಸಗೆಯಲ್ಲಿ ಒಂದು ದಿನವೇ ಸಾಕಾಗುತ್ತದೆ.

ಕುಂದಾಪುರದಿಂದ: ಇದು ಸರ್ವರೋಗಕ್ಕೆ ಮದ್ದು ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ನನಗೆ ಶುಗರ್ ಇದೆ. ಸಕ್ಕರೆ ಎಲ್ಲ ಹುಳಿಯಾಗಿ ಹೋಗುತ್ತದೆ ಅಂತ ನಂಬಿ ದಿನಾ ದೊಡ್ಡ ಲೋಟ ಕುಡಿದೆ. ಎಲ್ಲ ಹೋಗುವುದಿಲ್ಲ, ಮೀಟರ್ ಹೇಳಿತು! ಅಲ್ಪ ಆಲ್ಕೋಹಾಲೂ ಇರುತ್ತದೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ರೋಗ ತಡೆಯುವ ಶಕ್ತಿ ಕುಗ್ಗಿದವರು ಮನೆಯಲ್ಲಿ ಮಾಡಿದ್ದನ್ನು ಕುಡಿಯದಿರುವುದು ಒಳ್ಳೆಯದು. 1995ರಲ್ಲಿ ಅಮೆರಿಕದ ಅಯೋವಾದಲ್ಲಿ ದಿನಾ ಕುಡಿಯುತ್ತಿದ್ದ ಇಬ್ಬರು ಹೆಂಗಸರ ರಕ್ತದಲ್ಲಿ ಆಮ್ಲ ವಿಪರೀತ ಏರಿ, ಒಬ್ಬರು ತೀರಿಕೊಂಡರು. ಕೊಂಬುಚಾವೇ ಕಾರಣ ಅಂತ ಸಾಬೀತಾಗಲಿಲ್ಲ. ಆದರೂ ಅರ್ಧ ಲೋಟಕ್ಕಿಂತ ಹೆಚ್ಚು ನಾನೀಗ ಕುಡಿಯುವುದಿಲ್ಲ.

ಮಣಿಪಾಲ: ಹುಳಿ ನೀರು ಅರ್ಧ ಲೋಟ ಮಾತ್ರ ಇದೆ. ಮುಂದಿನ ತಿಂಗಳು ಮೂರು ವಾರ ಊರಿಗೆ ಬೇರೆ ಹೋಗಬೇಕು. ಬಿಲ್ಲೆಯನ್ನು ಫ್ರಿಜ್‌ನಲ್ಲಿ ಇಡಲಾ?

ಉಡುಪಿಯಿಂದ: ಅರ್ಧ ಲೋಟ ಇದ್ದರೆ ಅರ್ಧ ಲೀಟರ್ ಚಾ ಮಾತ್ರ ಮಾಡಿ. ಆಗಿದ್ದನ್ನು ಪೂರ್ತಿ ಕುಡಿಯದೆ ಮುಂದಿನದಕ್ಕೆ ಹೆಪ್ಪು ಮಾಡಿಕೊಳ್ಳಿ. ಫ್ರಿಜ್ ಬೇಡ, ಚಳಿಗೆ ಬ್ಯಾಕ್ಟೀರಿಯಾ ಮಂಕಾಗುತ್ತದೆ. ಹೋಗುವ ಹಿಂದಿನ ದಿನ ಹೊಸ ಸಿಹಿ ಚಾ ಹಾಕಿ, ಬಟ್ಟೆ ಕಟ್ಟಿ, ಬಿಸಿಲು ತಾಗದ ಮೂಲೆಯಲ್ಲಿ ಬಿಡಿ. ಬರುವಾಗ ಕುಡಿಯಲಾರದಷ್ಟು ಹುಳಿಯಾಗಿರುತ್ತದೆ. ಹೆಪ್ಪಿಗೆ ಅದರಷ್ಟು ಒಳ್ಳೆಯದು ಬೇರೆ ಸಿಗುವುದಿಲ್ಲ.