ಪದಚರ್ಚೆ: ಹಸಿರಿರುವಾಗಲೇ ಕೊಯ್ದು ಒಣಗಿಸಿದ ಹುಲ್ಲಿಗೆ ಏನನ್ನಬೇಕು?

ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ಭಾಲ್ಕಿ ಕಡೆಯ ಒಂದು ಹಾಲಿನ ಸಂಘಕ್ಕೆ ಮೇವಿನ ಬಗ್ಗೆ ಸಣ್ಣ ಕೈಪಿಡಿ ಬರೆದುಕೊಡುತ್ತಿದ್ದೇನೆ. ಹುಲ್ಲನ್ನು ಯಾವ ಹಂತದಲ್ಲಿ, ದಿನದ ಯಾವ ಹೊತ್ತಿನಲ್ಲಿ ಕೊಯ್ದರೆ ಅದರಲ್ಲಿ ಸಕ್ಕರೆ ಜಾಸ್ತಿ ಇರುತ್ತದೆ ಅನ್ನುವುದಷ್ಟೇ ವಿಷಯ. ಬರೆಯಲು ಕೂತರೆ ಪದಗಳೇ ತೊಡಕಾಗಿವೆ. ಬೀದರ್, ಕಲಬುರಗಿ, ಯಾದಗಿರಿ ಕಡೆಯ ಒಕ್ಕಲುತನದ ಮಾತು ಬಲ್ಲವರು ದಯವಿಟ್ಟು ನೆರವಾಗಬೇಕು.

ಮೊದಲನೆಯ ತೊಡಕು ‘ಒಣಹುಲ್ಲು’. ಬೆಂಗಳೂರು, ಮೈಸೂರು ಕಡೆಯವರು ಒಣಹುಲ್ಲು ಅಂದರೆ ಭತ್ತದ ಅಥವಾ ರಾಗಿಯ ಹುಲ್ಲು ಅಂದುಕೊಳ್ಳುತ್ತಾರೆ. ಶಹಾಪುರ, ಸುರಪುರದ ಕಾಲುವೆ ನೀರಾವರಿ ಬಿಟ್ಟರೆ ನಮ್ಮಲ್ಲಿ ಭತ್ತ ಕಡಿಮೆ. ನಮ್ಮದು ಕಣಕಿ. ಬಿಳಿಜೋಳದ ತೆನೆ ಮುರಿದ ಮೇಲೆ ಉಳಿಯುವ ಒಣ ದಂಟು. ಔರಾದ್ ಕಡೆ ಮರಾಠಿ ಬೆರೆತು ಅದು ಕಡಬಾ. ದಖನಿ ಮಾತಾಡುವವರಿಗೆ ಕಡ್ಬಿ. ಸೇಡಂ, ಗುರುಮಠಕಲ್ ಕಡೆ ಸೊಪ್ಪಿ ಅನ್ನುತ್ತಾರೆ. ಗಡಿ ದಾಟಿದರೆ ತೆಲುಗಿನಲ್ಲಿ ಚೊಪ್ಪ. ಸೊಪ್ಪಿ, ಚೊಪ್ಪ ಒಂದೇ ಬೇರಿನವು ಅನಿಸುತ್ತದೆ, ಅಲ್ವಾ? ಅದಿರಲಿ. ಹೆಸರು ಎಷ್ಟಿದ್ದರೂ ವಸ್ತು ಒಂದೇ: ಕಾಳು ತೆಗೆದಾದ ಮೇಲೆ ಉಳಿದದ್ದು.

ನನಗೆ ಬೇಕಾದದ್ದು ಬೇರೆ. ಹುಲ್ಲು ಇನ್ನೂ ಹಸಿರಾಗಿರುವಾಗ, ಕಾಳು ಕಟ್ಟುವ ಮೊದಲೇ, ಮೇವಿಗೆಂದೇ ಕೊಯ್ದು ಬಿಸಿಲಿಗೆ ಒಣಗಿಸಿ ಪೆಂಡಿ ಕಟ್ಟಿ ಇಡುತ್ತಾರಲ್ಲ, ಅದು. ಇಂಗ್ಲಿಷಿನಲ್ಲಿ ಇದು ಹೇ, ಕಾಳು ತೆಗೆದದ್ದು ಸ್ಟ್ರಾ. ಕನ್ನಡದ ಪುಸ್ತಕಗಳಲ್ಲಿ ಎರಡಕ್ಕೂ ಒಣಹುಲ್ಲು, ಇಲ್ಲವೇ ಒಣಮೇವು.

ಇದು ಬರೀ ಪಂಡಿತರ ತಕರಾರು ಅಂತ ಬಿಡುವಂತಿಲ್ಲ. ಗಿಡ ಎಲೆಯಲ್ಲಿ ಮಾಡಿದ ಸಕ್ಕರೆ, ತೆನೆ ಬಂದ ಮೇಲೆ ಕಾಳಿಗೆ ಹೋಗಿ ಪಿಷ್ಟವಾಗುತ್ತದೆ. ದಂಟಿನಲ್ಲಿ ನಾರು ಹೆಚ್ಚುತ್ತದೆ, ಗಟ್ಟಿಯಾಗುತ್ತದೆ. ಹಸಿರು ಹುಲ್ಲಿನಲ್ಲಿ ಸಂಜೆಗೆ ಸಕ್ಕರೆ ಹೆಚ್ಚಿರುತ್ತದೆ. ಆದರೆ ಬಲಿತು ಒಣಗಿ ನಿಂತ ಜೋಳವನ್ನು ಬೆಳಿಗ್ಗೆ ಕೊಯ್ದರೂ ಅಷ್ಟೇ, ಸಂಜೆ ಕೊಯ್ದರೂ ಅಷ್ಟೇ. ‘ಒಣಹುಲ್ಲಿಗಾಗಿ ಸಂಜೆ ಕೊಯ್ಯಿರಿ’ ಅಂತ ನಾನು ಬರೆದರೆ, ಓದಿದವರು ಮಾಗಿದ ಮಾಲದಂಡಿ ಜೋಳವನ್ನು ಸಂಜೆ ಕೊಯ್ಯಲು ಹೋದಾರು. ಸುಮ್ನೆ ಕೂಲಿ ದಂಡ.

ಹಸಿಮೇವನ್ನು ಗಾಳಿಯಾಡದಂತೆ ಗುಂಡಿಯಲ್ಲಿ ತುಳಿದಿಟ್ಟರೆ ಅದಕ್ಕೆ ‘ರಸಮೇವು’ ಅನ್ನುತ್ತೇವೆ. ಸೈಲೇಜಿಗೆ ಯಾರು ಈ ಹೆಸರು ಕೊಟ್ಟರೋ, ಅವರಿಗೆ ಶರಣು. ಕೇಳಿದ ಕೂಡಲೇ ತಿಳಿಯುತ್ತದೆ. ಅದರ ಜೊತೆಗೆ ನಿಲ್ಲುವಂಥ ಇನ್ನೊಂದು ಪದ ಬೇಕು. ‘ಹಸಿಗೊಯ್ಲಿನ ಹುಲ್ಲು’ ಅಂತ ಸದ್ಯಕ್ಕೆ ಬರೆದಿದ್ದೇನೆ. ಉದ್ದವಾಯಿತು. ‘ಬಾಡುಮೇವು’ ಅಂದರೆ ಪೂರ್ತಿ ಒಣಗಿಲ್ಲ ಅನ್ನುವ ಅರ್ಥ ಬರುತ್ತದೆ. ಕುರುಬರಲ್ಲಿ, ದೇವಣಿ ದನ ಸಾಕುವ ಮನೆಗಳಲ್ಲಿ ಹಳೆಯ ಪದವೇನಾದರೂ ಇದೆಯೇ?

ಎರಡನೆಯದು ‘ಸಕ್ಕರೆ’. ಬೀದರ್ ಜಿಲ್ಲೆಯಲ್ಲಿ ಸಕ್ಕರೆ ಅಂದರೆ ಕಬ್ಬು, ಕಾರ್ಖಾನೆ, ಬಾಕಿ ಬಿಲ್ಲು. ಹುಲ್ಲಿನಲ್ಲೂ ಸಕ್ಕರೆ ಇದೆ ಅಂದರೆ ಮೊದಲು ನಗುತ್ತಾರೆ. ಆದರೆ ಚಳಿ ಬಿದ್ದ ಮೇಲೆ ಕಬ್ಬಿಗೆ ಸಿಹಿ ಏರುತ್ತದೆ ಅನ್ನುವುದು ಅವರಿಗೆ ಹೊಸದಲ್ಲ. ಹುಲ್ಲಿನ ಕಥೆಯೂ ಹೆಚ್ಚುಕಡಿಮೆ ಅದೇ. ತಂಪು ರಾತ್ರಿಯಲ್ಲಿ ಗಿಡ ಬೆಳೆಯುವುದು ನಿಧಾನ, ಸಕ್ಕರೆ ಸುಡುವ ಉಸಿರಾಟವೂ ನಿಧಾನ. ಹಗಲಿನ ಬಿಸಿಲಿನಲ್ಲಿ ಮಾಡಿದ ಸಕ್ಕರೆ ಖರ್ಚಾಗದೆ ಉಳಿಯುತ್ತದೆ.

ರೈತರು ತಾವಾಗಿ ಬಳಸುವ ಪದ ‘ಕಸುವು’. ‘ಈ ಮೇವಿನಾಗ ಕಸುವಿಲ್ಲ’ ಅನ್ನುತ್ತಾರೆ. ಬಹಳ ಒಳ್ಳೆಯ ಪದ, ಬಿಡಲು ಮನಸ್ಸಿಲ್ಲ. ಆದರೆ ಕಸುವಿನಲ್ಲಿ ಪ್ರೋಟೀನೂ ಬಂತು, ಖನಿಜವೂ ಬಂತು. ಹೊತ್ತಿನ ಜೊತೆ ಏರಿ ಇಳಿಯುವುದು ಮುಖ್ಯವಾಗಿ ಸಕ್ಕರೆ ಮತ್ತು ಪಿಷ್ಟ. ಕಸುವು ಅಂತ ಬರೆದರೆ ಹೇಳಿದ್ದಕ್ಕಿಂತ ಹೆಚ್ಚು ಹೇಳಿದಂತಾಗುತ್ತದೆ.

‘ಸೀ’ ಅನ್ನೋಣವೇ? ‘ದಂಟು ಸೀ ಅದ’ ಅನ್ನುವುದು ನಮ್ಮ ಕಡೆ ಸಹಜ ಮಾತು. ಎಳ್ಳಮಾಸಿಗೆ ಹೊಲಕ್ಕೆ ಹೋದ ಮಕ್ಕಳು ಜೋಳದ ದಂಟು ಜಗಿದು ಹೇಳುವ ಮಾತು. ಇಲ್ಲಿ ಒಂದು ತೊಡಕಿದೆ. ಜೋಳ, ನೇಪಿಯರ್, ಕರಕಿ ಇವೆಲ್ಲ ಬಿಸಿನಾಡಿನ ಹುಲ್ಲುಗಳು. ಇವು ಹಗಲಿನ ಗಳಿಕೆಯ ಒಂದು ಪಾಲನ್ನು ಎಲೆಯಲ್ಲಿ ಪಿಷ್ಟವಾಗಿ ಇಡುತ್ತವೆ. ಯುರೋಪಿನಂಥ ತಂಪು ನಾಡಿನ ಹುಲ್ಲುಗಳು ಫ್ರಕ್ಟಾನ್ ಅನ್ನುವ ಕರಗುವ ಸಕ್ಕರೆಯಾಗಿ, ಅದರಲ್ಲೂ ದಂಟಿನ ಬುಡದಲ್ಲಿ ಕೂಡಿಡುತ್ತವೆ. ಪಿಷ್ಟ ನಾಲಿಗೆಗೆ ಸೀ ಅಲ್ಲ. ಆದರೂ ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಅದು ಬೇಗ ಸಿಗುವ ಶಕ್ತಿ. ಹಾಗಾಗಿ ‘ಸೀ’ ಅಂದರೆ ಅರ್ಧ ಮಾತ್ರ ಹೇಳಿದಂತೆ.

ಶಾಲೆಯ ಪದ ‘ಶರ್ಕರಪಿಷ್ಟ’ ಇಲ್ಲಿ ಸರಿಹೊಂದೀತು ಅಂತ ಮೊದಲಿಗೆ ಅನಿಸುತ್ತದೆ. ಸಕ್ಕರೆಯೂ ಬಂತು, ಪಿಷ್ಟವೂ ಬಂತು. ಆದರೆ ಅದನ್ನು ಕಾರ್ಬೋಹೈಡ್ರೇಟ್ ಎಲ್ಲದಕ್ಕೂ ಬಳಸಿಬಿಟ್ಟಿದ್ದೇವೆ. ನಾರೂ ಕಾರ್ಬೋಹೈಡ್ರೇಟೇ. ಆ ಲೆಕ್ಕದಲ್ಲಿ ಒಣ ಕಣಕಿಯಲ್ಲೂ ಶರ್ಕರಪಿಷ್ಟ ತುಂಬಿ ತುಳುಕುತ್ತದೆ. ಪದ ತನ್ನ ಮೈಯಲ್ಲಿ ಹೇಳುವುದೊಂದು, ನಾವು ಹೇಳಿಸುವುದೊಂದು. ನನ್ನ ಒಲವು ‘ಸಕ್ಕರೆ-ಪಿಷ್ಟ’ ಅಂತ ಬಿಡಿಸಿ ಬರೆಯುವ ಕಡೆಗಿದೆ. ಬೇರೆ ದಾರಿ ಇದ್ದರೆ ತಿಳಿಸಿ.

ಮೂರನೆಯದು ಹೊತ್ತಿನ ಪದ. ನನಗೆ ಹೆಚ್ಚು ತಲೆನೋವು ಕೊಟ್ಟದ್ದು ಇದೇ.

ಬಿಸಿಲು ಏರಿದಂತೆ ಎಲೆಯಲ್ಲಿ ಸಕ್ಕರೆ ಕೂಡುತ್ತ ಹೋಗುತ್ತದೆ. ಮಧ್ಯಾಹ್ನ ಕಳೆದು ಹೊತ್ತು ಇಳಿಯುವಾಗ ಅದು ಅತಿ ಹೆಚ್ಚು. ರಾತ್ರಿ ಬಿಸಿಲಿಲ್ಲ, ಉಸಿರಾಟ ನಿಲ್ಲುವುದಿಲ್ಲ. ಹಗಲು ದುಡಿದ ಕೂಲಿಯನ್ನು ರಾತ್ರಿ ಕೂತು ಉಂಡಂತೆ ಕರಗುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಅತಿ ಕಡಿಮೆ. ಅಮೆರಿಕದ ಐಡಾಹೊ ರಾಜ್ಯದ ಕಿಂಬರ್ಲಿಯಲ್ಲಿ ಟಾಲ್ ಫೆಸ್ಕ್ಯೂ ಅನ್ನುವ ಹುಲ್ಲನ್ನು ಒಮ್ಮೆ ಸೂರ್ಯ ಮುಳುಗುವಾಗ, ಒಮ್ಮೆ ಸೂರ್ಯ ಹುಟ್ಟುವಾಗ ಕೊಯ್ದು ಒಣಗಿಸಿದರು. ಎರಡನ್ನೂ ಪ್ರಾಣಿಗಳ ಮುಂದಿಟ್ಟಾಗ ದನ, ಕುರಿ, ಆಡು ಮೂರೂ ಸಂಜೆಯ ಹುಲ್ಲನ್ನೇ ಹೆಚ್ಚು ತಿಂದವು. ಈ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಹೊಲದಲ್ಲಿ ಅದೇ ಹುಲ್ಲು, ಅದೇ ಬೆಳವಣಿಗೆ. ಬೇರೆ ಇದ್ದದ್ದು ಕೊಯ್ದ ಹೊತ್ತು ಮಾತ್ರ.

ಈಗ ಆ ಹೊತ್ತಿಗೆ ಏನನ್ನಬೇಕು? ‘ಮಧ್ಯಾಹ್ನ’ ಅಂದರೆ ಊಟದ ಹೊತ್ತು, ಬೇಗವಾಯಿತು. ‘ಸಂಜೆ’ ಅಂದರೆ ದೀಪ ಹಚ್ಚುವ ಹೊತ್ತು, ಆಗ ಕುಡಗೋಲು ಹಿಡಿಯಲು ಬೆಳಕಿಲ್ಲ. ಬೇಕಾದದ್ದು ಸುಮಾರು 3ರಿಂದ 6 ಗಂಟೆ. ಹಳೆಯ ಲೆಕ್ಕದಲ್ಲಿ ಒಂದು ಜಾವ ಅಂದರೆ ಮೂರು ತಾಸು. ಹಗಲಿನ ನಾಲ್ಕನೇ ಜಾವ ಸರಿಯಾಗಿ ಇದೇ. ಆದರೆ ಇವತ್ತು ‘ನಾಲ್ಕನೇ ಜಾವ’ ಅಂದರೆ ಎಲ್ಲರೂ ರಾತ್ರಿಯ ಕೊನೆಯ ಜಾವ ಅಂತಲೇ ತಿಳಿಯುತ್ತಾರೆ. ಅದು ಹುಲ್ಲಿನಲ್ಲಿ ಸಕ್ಕರೆ ತಳಕ್ಕಿಳಿದ ಹೊತ್ತು! ಕೈಪಿಡಿ ಪೂರ್ತಿ ತಲೆಕೆಳಗಾಗುತ್ತದೆ. ಅದೂ ಅಲ್ಲದೆ ನಮ್ಮ ಜನಕ್ಕೆ ನಸುಕಿನ ಕೆಲಸ ರೂಢಿ. ಕಡಲೆ ಕೀಳುವವರು ಇಬ್ಬನಿ ಆರುವ ಮೊದಲೇ ಹೊಲದಲ್ಲಿರುತ್ತಾರೆ, ತಡವಾದರೆ ಕಾಯಿ ಉದುರುತ್ತದೆ. ಜಾವ ಅಂತ ಬರೆದರೆ ಹುಲ್ಲಿಗೂ ಆಗಲೇ ಹೊರಡುತ್ತಾರೆ.

‘ಇಳಿಹೊತ್ತು’ ಅನ್ನುವುದು ನನಗೆ ಹಿಡಿಸಿದೆ. ‘ಹೊತ್ತು ಇಳಿದ ಮ್ಯಾಲ’ ಅಂತ ಮಾತಿನಲ್ಲಿ ಇದ್ದೇ ಇದೆ. ‘ಸಂಜಿಮುಂದ’ ಕೂಡ ಹತ್ತಿರ ಬರುತ್ತದೆ, ಆದರೆ ಬರಹದಲ್ಲಿ ಅದನ್ನು ಬರೀ ಸಂಜೆ ಅಂತ ಓದುವವರೇ ಜಾಸ್ತಿ.

ಒಂದು ಮಾತು ಇಲ್ಲಿ ಹೇಳಲೇಬೇಕು. ಐಡಾಹೊ ಒಣ ಹವೆಯ ನಾಡು, ಅಲ್ಲಿ ಹುಲ್ಲು ಬೇಗ ಒಣಗುತ್ತದೆ. ಕೊಯ್ದ ಹುಲ್ಲು ಕೂಡಲೇ ಸಾಯುವುದಿಲ್ಲ. ಹಸಿ ಹುಲ್ಲಿನಲ್ಲಿ ನೂರಕ್ಕೆ 75ರಿಂದ 80ರಷ್ಟು ನೀರಿರುತ್ತದೆ. ಅದು ಸುಮಾರು 40ಕ್ಕೆ ಇಳಿಯುವ ತನಕ ಉಸಿರಾಡುತ್ತ ತನ್ನ ಸಕ್ಕರೆಯನ್ನು ತಾನೇ ತಿನ್ನುತ್ತದೆ. ಶ್ರಾವಣದ ಮೋಡ ಮುಸುಕಿದ ದಿನ ಮೊದಲೇ ಸಕ್ಕರೆ ಕೂಡಿರುವುದಿಲ್ಲ. ಇಳಿಹೊತ್ತಿಗೆ ಕೊಯ್ದು ರಾತ್ರಿ ತೇವದಲ್ಲಿ ಬಿಟ್ಟರೆ ಇದ್ದದ್ದೂ ಹೋಗುತ್ತದೆ, ಮಳೆ ಬಿದ್ದರೆ ತೊಳೆದೇ ಹೋಗುತ್ತದೆ. ನಮ್ಮಲ್ಲಿ ಈ ಸಲಹೆ ನಡೆಯುವುದು ದಸರೆ ಕಳೆದ ಮೇಲೆ. ಆ ಹೊತ್ತಿಗೆ ಗಾಯರಾಣದ, ಅಂದರೆ ಊರ ದನ ಮೇಯುವ ಬಯಲಿನ, ಹುಲ್ಲು ಬೀಜ ಉದುರಿಸಿ ಬಟ್ಟೆಗೆ ಚುಚ್ಚುವಂತಾಗಿರುತ್ತದೆ. ಹಾಗಾಗಿ ಇದು ಹೆಚ್ಚಾಗಿ ನೀರಾವರಿಯ ಮೇವಿಗೆ, ಅಂದರೆ ಕುದುರೆ ಮೆಂತ್ಯ (ಲೂಸರ್ನ್), ನೇಪಿಯರ್, ಮೇವಿನ ಜೋಳಕ್ಕೆ ಹೊಂದುವ ಮಾತು. ನೇಪಿಯರನ್ನು ಒಣಗಿಸುವವರು ಕಡಿಮೆ, ಹಸಿಯಾಗಿಯೇ ಕತ್ತರಿಸಿ ಹಾಕುತ್ತಾರೆ. ಅದಕ್ಕೂ ಇಳಿಹೊತ್ತೇ ಲಾಭ. ಕೊಯ್ದದ್ದು ಅದೇ ರಾತ್ರಿ ದನದ ಮುಂದಿರುತ್ತದೆ.

(ಕುದುರೆ ಮೆಂತ್ಯ ಅಂದಾಗ ನೆನಪಾಯಿತು. ಹೊರದೇಶಗಳಲ್ಲಿ ಕುದುರೆ ಸಾಕುವವರ ಬೇಡಿಕೆ ತದ್ವಿರುದ್ಧ. ಸಕ್ಕರೆ ಹೆಚ್ಚಾದ ಹುಲ್ಲು ತಿಂದರೆ ಕೆಲವು ಕುದುರೆಗಳಿಗೆ ಗೊರಸಿನೊಳಗೆ ಉರಿಯೂತ ಬರುತ್ತದೆ. ಅಂಥವನ್ನು ಅವರು ಬೆಳಿಗ್ಗೆ ಬೇಗ ಮೇಯಿಸುತ್ತಾರೆ.)

‘ಗಾಯರಾಣ’ ಪದವನ್ನೂ ಕೇಳಿಬಿಡುತ್ತೇನೆ. ಮರಾಠಿಯಿಂದ ಬಂದದ್ದು, ಗಾಯ್ ಅಂದರೆ ಆಕಳು, ರಾಣ ಅಂದರೆ ಕಾಡು, ಬಯಲು. ನಮ್ಮ ಕಡೆ ಕಾಗದಪತ್ರದಲ್ಲೂ ಇದೇ ಪದ. ಹಳೆ ಮೈಸೂರಿನ ‘ಗೋಮಾಳ’ ಇಲ್ಲಿ ಯಾರ ಬಾಯಲ್ಲೂ ಇಲ್ಲ. ‘ಹುಲ್ಲುಗಾವಲು’ ಪುಸ್ತಕದ ಪದ. ನಾನು ಗಾಯರಾಣ ಅಂತಲೇ ಇಡುತ್ತೇನೆ, ತಕರಾರಿದ್ದರೆ ಹೇಳಿ.

ನನ್ನ ಮಟ್ಟಿಗೆ ಹೊತ್ತಿಗಿಂತ ದೊಡ್ಡದು ಹಂತ. ತೆನೆ ಇನ್ನೂ ಎಲೆಯ ಒಳಗೇ ಉಬ್ಬಿಕೊಂಡಿರುವುದಕ್ಕೆ ‘ಹೊಡೆ’ ಅನ್ನುತ್ತಾರೆ. ‘ಜೋಳ ಹೊಡಿಗಿ ಬಂದದ’ ಅನ್ನುತ್ತಾರೆ. ಇಲಾಖೆಯ ಕಾಗದದಲ್ಲಿ ಇದು ‘ಗರ್ಭಾವಸ್ಥೆ’ ಆಗಿದೆ. ಹೊಡೆ ಇರುವಾಗ ಅದೇಕೆ ಬೇಕೋ ನನಗಂತೂ ತಿಳಿಯದು! ಒಣಗಿಸುವ ಹುಲ್ಲಿಗೆ ಹೊಡೆಯಿಂದ ಹೂವಿನ ಆರಂಭದವರೆಗೆ ಒಳ್ಳೆಯ ಕಾಲ. ಮೇವಿನ ಜೋಳವನ್ನು ಅರ್ಧ ಬೆಳೆ ಹೂ ಬಿಟ್ಟಾಗ ಕೊಯ್ಯುತ್ತಾರೆ. ಈ ಹೂ ಬಿಡುವುದಕ್ಕೆ ಕೆಲವರು ‘ಸುಂಕು’ ಅನ್ನುತ್ತಾರೆ. ಅದು ಬರೀ ಪರಾಗದ ಪುಡಿಯೋ ಅಥವಾ ಆ ಹಂತದ ಹೆಸರೋ? ನಿಮ್ಮೂರಿನ ಬಳಕೆ ತಿಳಿಸಿ.

ಜೋಳದ ಮಾತು ಬಂದಲ್ಲಿ ಎಚ್ಚರಿಕೆಯೊಂದನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದೇನೆ. ಎಳೆ ಜೋಳದಲ್ಲಿ, ಕೊಯ್ದ ಬುಡದಿಂದ ಮತ್ತೆ ಒಡೆದ ಚಿಗುರಿನಲ್ಲಿ ಸೈನೈಡ್ ಹುಟ್ಟಿಸುವ ವಿಷ ಇರುತ್ತದೆ. ಮಳೆ ಕೈಕೊಟ್ಟು ಬಾಡಿದ ಬೆಳೆಯಲ್ಲಿ ಇನ್ನೂ ಅಪಾಯ. ಬರದಲ್ಲಿ ಬೆಳವಣಿಗೆ ನಿಂತು ಸಕ್ಕರೆ ಏರಬಹುದು, ಆದರೆ ಸಿಹಿ ಇದೆ ಅಂತ ಮೊಣಕಾಲೆತ್ತರದ ಜೋಳ ಕೊಯ್ದು ಹಾಕುವಂತಿಲ್ಲ. ಕಬ್ಬಿನ ಮರುಬೆಳೆಗೆ ‘ಕೂಳೆ’ ಅನ್ನುತ್ತೇವೆ. ಜೋಳದ ಈ ಚಿಗುರಿಗೂ ಕೂಳೆ ಅಂದರೆ ನಡೆಯುತ್ತದೆಯೇ? ಇಲ್ಲಿ ಪದ ತಪ್ಪಿದರೆ ದನ ಸಾಯುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.

ರಸಮೇವಿನ ಪುಟಕ್ಕೆ ಅಷ್ಟು ಕಷ್ಟವಾಗಲಿಲ್ಲ. ಹುಳಿಯಾಗಿಸುವ ಸೂಕ್ಷ್ಮಜೀವಿಗಳಿಗೆ ಸಕ್ಕರೆ ಬೇಕು, ಜೋಳ ಮತ್ತು ಮೆಕ್ಕೆಜೋಳದಲ್ಲಿ ಅದು ಸಾಕಷ್ಟಿದೆ, ಕಡಿಮೆ ಇದ್ದರೆ ಬೆಲ್ಲ ಅಥವಾ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಸೇರಿಸುತ್ತಾರೆ. ಕಾಕಂಬಿ ಬೀದರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಕರಡಿನ ಮುಖ್ಯ ಸಾಲು ಈಗ ಹೀಗಿದೆ: ‘ಹುಲ್ಲು ಹೊಡೆಯಲ್ಲಿರುವಾಗ, ಚೆನ್ನಾಗಿ ಬಿಸಿಲು ಬಿದ್ದ ದಿನ, ಇಳಿಹೊತ್ತಿಗೆ ಕೊಯ್ಯಿರಿ. ತೆಳ್ಳಗೆ ಹರಡಿರಿ. ಮರುದಿನ ಇಬ್ಬನಿ ಆರಿದ ಮೇಲೆ ಮಗುಚಿರಿ. ಹಿಡಿ ಹುಲ್ಲು ತಿರುಚಿದರೆ ಕೈಗೆ ತೇವ ಹತ್ತಬಾರದು, ಆಮೇಲೆಯೇ ಪೆಂಡಿ ಕಟ್ಟಿ ಬಣವಿ ಒಟ್ಟಿರಿ.’ ‘ಮಗುಚು’ ನಮ್ಮ ಕಡೆ ರೊಟ್ಟಿಗೆ ಹೇಳುವ ಮಾತು, ಹುಲ್ಲಿಗೆ ‘ಹೊರಳಿ ಹಾಕು’ ಸರಿಯೇನೋ. ಚಿಂಚೋಳಿ, ಆಳಂದ ಕಡೆಯವರು ಇದಕ್ಕೆ ಏನನ್ನುತ್ತಾರೆ? ಪೆಂಡಿ, ಸೂಡು ಇವೆರಡರಲ್ಲಿ ಚಿಕ್ಕದು ಯಾವುದು ಅನ್ನುವುದನ್ನೂ ತಿಳಿಸಿದರೆ ಕರಡನ್ನು ಸಂಘಕ್ಕೆ ಕಳಿಸುತ್ತೇನೆ.