ಮಗಳ ಮಣಿಕಟ್ಟಿನ ಪಟ್ಟಿ ಅಳೆಯುವುದು ಒತ್ತಡವನ್ನೋ, ಕಲಬುರಗಿಯ ಸೆಕೆಯನ್ನೋ?

ತೊಗರಿಕಣಜ (ಕಲಬುರಗಿ)
ನನ್ನ ಮಗಳಿಗೆ ಹದಿನಾರು ವರ್ಷ. ಇಲ್ಲಿಯ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ನೀಟ್‌ಗೆ ಓದುತ್ತಿದ್ದಾಳೆ. ಕಳೆದ ವಾರ ಪೋಷಕರಿಗೆಲ್ಲ ಒಂದು ಒಪ್ಪಿಗೆ ಪತ್ರ ಬಂದಿದೆ. ಮಕ್ಕಳ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರಂತೆ. ಅದು ನಾಡಿಬಡಿತ, ಚರ್ಮದ ತೇವ, ಮೈಬಿಸಿ ಅಳೆದು ‘ಒತ್ತಡ’, ‘ಬೇಸರ’, ‘ಏಕಾಗ್ರತೆ’ ಎಂದು ವಿಂಗಡಿಸಿ ಪ್ರತಿ ಸಂಜೆ ನಮ್ಮ ಮೊಬೈಲ್‌ಗೆ ವರದಿ ಕಳಿಸುತ್ತದಂತೆ. ಮುಂದಿನ ವರ್ಷ ಮಿದುಳಿನ ಅಲೆ ಓದುವ ತಲೆಪಟ್ಟಿಯೂ ಬರುತ್ತದೆ ಎಂದಿದ್ದಾರೆ. ಭಾನುವಾರ ಪೋಷಕರ ಸಭೆ. ಸಹಿ ಮಾಡಲೋ ಬೇಡವೋ, ತಿಳಿದವರು ಹೇಳಿ.

ಕಾಗಿಣಾ ದಂಡೆ (ಎಂಜಿನಿಯರಿಂಗ್ ಉಪನ್ಯಾಸಕ)
ಅಕ್ಕನವರೇ, ಹೆದರಬೇಡಿ. ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೋಸಲಿಂಡ್ ಪಿಕಾರ್ಡ್ 1990ರ ದಶಕದಲ್ಲೇ ಇದಕ್ಕೆ ಅಡಿಪಾಯ ಹಾಕಿದರು. ಮನಸ್ಸು ಕಲಕಿದಾಗ ಬೆವರುಗ್ರಂಥಿಗಳು ಚುರುಕಾಗುತ್ತವೆ, ಚರ್ಮದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಎರಡು ಎದೆಬಡಿತಗಳ ನಡುವಿನ ಅಂತರ ಬದಲಾಗುತ್ತದೆ. ಇದನ್ನು ಮುಚ್ಚಿಡಲು ಯಾರಿಗೂ ಸುಲಭವಲ್ಲ.

ನನ್ನ ವಿದ್ಯಾರ್ಥಿಯೊಬ್ಬ ಖಿನ್ನತೆಗೆ ಬಿದ್ದು ಓದು ಬಿಟ್ಟು ಊರಿಗೆ ಹೋದ. ಹಾಸ್ಟೆಲಿನ ಜೊತೆಗಾರರಿಗೂ ಹೆತ್ತವರಿಗೂ ಮೊದಲೇ ಸುಳಿವು ಸಿಗಲಿಲ್ಲ. ಮಕ್ಕಳು ಬಾಯಿ ಬಿಡುವುದಿಲ್ಲ. ದೇಹ ಹೇಳುವುದನ್ನಾದರೂ ಕೇಳಿಸಿಕೊಳ್ಳೋಣ.

ಇಇಜಿ ಕೊಠಡಿ (ಆಸ್ಪತ್ರೆ ತಂತ್ರಜ್ಞೆ)
ಸರ್, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಪಟ್ಟಿ ಎಲ್ಲಿ ಕೂರುತ್ತದೆ ಎಂಬುದನ್ನು ನೋಡಿ. ಪ್ರಯೋಗಾಲಯದಲ್ಲಿ ಚರ್ಮದ ವಾಹಕತೆಯನ್ನು ಸಾಮಾನ್ಯವಾಗಿ ಬೆರಳು ಅಥವಾ ಅಂಗೈಯಲ್ಲಿ ಅಳೆಯುತ್ತಾರೆ, ಏಕೆಂದರೆ ಕಳವಳವಾದಾಗ ಮೊದಲು ಬೆವರುವುದು ಅಂಗೈ ಮತ್ತು ಅಂಗಾಲು. ಮಣಿಕಟ್ಟಿನ ಬೆವರಿಗೆ ಬಿಸಿಲೇ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರು 40 ಡಿಗ್ರಿ ದಾಟುತ್ತದೆ. ಕರೆಂಟು ಹೋಗಿ ಫ್ಯಾನು ನಿಂತರೆ ತರಗತಿಗೆ ತರಗತಿಯೇ ‘ಒತ್ತಡ’ದಲ್ಲಿದೆ ಎಂದು ವರದಿ ಬಂದೀತು.

ಇನ್ನು ತಲೆಪಟ್ಟಿಯ ಮಾತು. ಇಇಜಿ ಎಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ನಾನು ದಿನವೂ ಮಾಡುವ ಕೆಲಸ ಇದೇ. ಮನುಷ್ಯನ ಮಿದುಳಿನ ವಿದ್ಯುತ್ತನ್ನು ಜರ್ಮನಿಯ ಹ್ಯಾನ್ಸ್ ಬರ್ಗರ್ ಮೊದಲು ದಾಖಲಿಸಿದ್ದು 1924ರಲ್ಲಿ. ಇಂದಿಗೂ ನೆತ್ತಿಯ ಮೇಲೆ ನಮಗೆ ಸಿಗುವುದು ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗವಾದ ಮೈಕ್ರೋವೋಲ್ಟ್‌ಗಳ ಲೆಕ್ಕದ ಸಂಕೇತ. ರೋಗಿ ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅದರ ಅಲೆ ಮಿದುಳಿನ ಅಲೆಯನ್ನೇ ಮುಳುಗಿಸುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಳ್ಳದೆ ಬನ್ನಿ ಎಂದು ಹೇಳಿ ಕಳಿಸುತ್ತೇವೆ, ಕೂದಲು ಸರಿಸಿ, ಪೇಸ್ಟ್ ಹಚ್ಚಿ, ಇಪ್ಪತ್ತರಷ್ಟು ಕಡೆ ಎಲೆಕ್ಟ್ರೋಡ್ ಕೂರಿಸುತ್ತೇವೆ. ಇಷ್ಟೆಲ್ಲ ಮಾಡಿದ ಮೇಲೂ ವೈದ್ಯರು ಅದರಲ್ಲಿ ಮೂರ್ಛೆರೋಗದ ಗುರುತು ಹುಡುಕುತ್ತಾರೆ, ನಿದ್ದೆಯ ಹಂತ ಹೇಳುತ್ತಾರೆ. ‘ಈ ಹುಡುಗಿಗೆ ಬೇಸರವಾಗಿದೆ’ ಎಂದು ಬರೆದ ವರದಿಯನ್ನು ನಾನು ಕಂಡಿಲ್ಲ.

ಕಾಗಿಣಾ ದಂಡೆ
ಸೆಕೆಯ ಮಾತು ನಿಜ, ಅದಕ್ಕೇ ಉಷ್ಣತೆಯ ಸಂವೇದಕವೂ ಪಟ್ಟಿಯಲ್ಲಿದೆ. ಪ್ರತಿ ಮಗುವಿನ ಸಹಜ ಸ್ಥಿತಿಯನ್ನು ಮೊದಲು ದಾಖಲಿಸಿಕೊಂಡು ಅದರಿಂದ ಎಷ್ಟು ದೂರ ಸರಿದಿದೆ ಎಂದು ನೋಡಬಹುದು. ಪಿಕಾರ್ಡ್ ಅವರ ಪ್ರಯೋಗಾಲಯದಲ್ಲೇ ನಡೆದದ್ದನ್ನು ಕೇಳಿ. ಅಲ್ಲಿಯ ವಿದ್ಯಾರ್ಥಿಯೊಬ್ಬ ಮಾತು ಬಾರದ ತನ್ನ ಆಟಿಸಂ ಪೀಡಿತ ತಮ್ಮನ ಮನಸ್ಸು ತಿಳಿಯಲು ಎರಡು ಮಣಿಕಟ್ಟುಪಟ್ಟಿಗಳನ್ನು ರಜೆಗೆ ಮನೆಗೆ ಒಯ್ದ. ದಾಖಲೆಯಲ್ಲಿ ಒಂದು ಕೈಯ ಅಳತೆ ವಿಪರೀತ ಏರಿತ್ತು. ವಿಚಾರಿಸಿದರೆ ಹುಡುಗನಿಗೆ ಅದರ ಬೆನ್ನಲ್ಲೇ ಮೂರ್ಛೆ ಬಂದಿತ್ತು. ಆ ಜಾಡು ಹಿಡಿದು ಬೆಳೆದ ಮೂರ್ಛೆ ಪತ್ತೆ ಕೈಪಟ್ಟಿಗೆ 2018ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಸಿಕ್ಕಿತು. ಇಂಥದ್ದನ್ನು ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬೀದರಿನ ಮೇಷ್ಟ್ರು (ಮನಃಶಾಸ್ತ್ರ)
ಆ ಕೈಪಟ್ಟಿ ಗೆದ್ದದ್ದು ಮೂರ್ಛೆಯನ್ನು ಹಿಡಿದು, ಭಾವನೆಯನ್ನು ಹಿಡಿದಲ್ಲ. ಮೂರ್ಛೆ ಬಂತೋ ಇಲ್ಲವೋ ಎಂದು ಇಇಜಿಯೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಬಹುದು. ‘ಬೇಸರ’ಕ್ಕೆ ಯಾವ ಇಇಜಿ ಇದೆ?

ಮೈಯ ಉದ್ವೇಗ ಒಂದೇ, ಅದರ ಕಾರಣಗಳು ನೂರು. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನಃಶಾಸ್ತ್ರಜ್ಞರು ಕೆನಡಾದ ತೂಗುಸೇತುವೆಯೊಂದರ ಮೇಲೆ ಪ್ರಯೋಗ ಮಾಡಿದರು. ಓಲಾಡುವ ಸೇತುವೆಯ ಮೇಲೆ ಯುವತಿಯೊಬ್ಬಳು ಮಾತನಾಡಿಸಿದ ಗಂಡಸರು ಆಮೇಲೆ ಅವಳಿಗೆ ಫೋನ್ ಮಾಡಿದ್ದು, ಗಟ್ಟಿ ಸೇತುವೆ ದಾಟಿದವರಿಗಿಂತ ಹೆಚ್ಚು. ಸೇತುವೆಯ ಭಯದಿಂದ ಹೊಡೆದುಕೊಂಡ ಎದೆಯನ್ನು ಅವರೇ ಆಕರ್ಷಣೆ ಎಂದುಕೊಂಡರು ಎಂಬುದು ಸಂಶೋಧಕರ ವಿವರಣೆ. ತನ್ನ ಎದೆಬಡಿತದ ಕಾರಣ ಮನುಷ್ಯನಿಗೇ ತಪ್ಪಬಹುದಾದರೆ ಮಣಿಕಟ್ಟಿನ ಪಟ್ಟಿಗೆ ಅದು ಹೇಗೆ ತಿಳಿಯಬೇಕು?

ಸರ್, ಈ ಯಂತ್ರಗಳಿಗೆ ಪಾಠ ಹೇಳುವ ರೀತಿಯನ್ನೂ ನೀವು ಬಲ್ಲಿರಿ. ಸಂಶೋಧಕರು ಬಹಳವಾಗಿ ಬಳಸುವ ‘ಡೀಪ್’ ಎಂಬ ದತ್ತಾಂಶ 2012ರಲ್ಲಿ ಪ್ರಕಟವಾಯಿತು. 32 ಜನರಿಗೆ ಒಂದೊಂದು ನಿಮಿಷದ 40 ಸಂಗೀತ ವಿಡಿಯೊ ತೋರಿಸಿ, ಮಿದುಳಿನ ಅಲೆ ದಾಖಲಿಸಿ, ನಿಮಗೆ ಹೇಗನ್ನಿಸಿತು ಎಂದು ಅವರನ್ನೇ ಕೇಳಿ ಅಂಕ ಬರೆಸಿಕೊಂಡರು. ಯಂತ್ರ ಕಲಿತದ್ದು ಆ ಅಂಕಗಳಿಂದ. ಕಡೆಗೂ ಆಧಾರ ಮನುಷ್ಯನ ಮಾತೇ. ಹಾಗಿದ್ದ ಮೇಲೆ ಆ ಹುಡುಗಿಯನ್ನೇ ಕೇಳದೆ ಅವಳ ಬೆವರನ್ನು ಏಕೆ ಕೇಳುತ್ತೀರಿ?

ರಾತ್ರಿ ಬಸ್
ನಾನು ಕಲಬುರಗಿ–ಬೆಂಗಳೂರು ಮಾರ್ಗದ ಚಾಲಕ. ತೂಕಡಿಕೆ ಬಂದರೆ ಎಚ್ಚರಿಸುವ ಯಂತ್ರ ಕೊಡಿ, ಕೈಮುಗಿದು ಕಟ್ಟಿಕೊಳ್ಳುತ್ತೇನೆ. ಬೆಳಗಿನ ಜಾವ ಕಣ್ಣು ಎಳೆಯುವುದು ಏನೆಂದು ನನಗೆ ಗೊತ್ತು. ಆದರೆ ಎಮ್ಮೆ ಅಡ್ಡ ಬಂದು ಬ್ರೇಕ್ ಒತ್ತಿದಾಗ ಎದೆ ಹೊಡೆದುಕೊಂಡದ್ದನ್ನು ‘ಚಾಲಕನಿಗೆ ಸಿಟ್ಟು ಹೆಚ್ಚು’ ಎಂದು ಯಾರಾದರೂ ಕಡತಕ್ಕೆ ಸೇರಿಸಿದರೆ ನನ್ನ ಅನ್ನಕ್ಕೇ ಕುತ್ತು. ನನ್ನನ್ನು ಎಚ್ಚರಿಸುವ ಯಂತ್ರ ಬೇರೆ, ನನ್ನ ಮೇಲೆ ದೂರು ಬರೆಯುವ ಯಂತ್ರ ಬೇರೆ.

ತೊಗರಿಕಣಜ
ಅಣ್ಣ, ನನ್ನ ಅಳುಕೂ ಅದೇ. ಇನ್ನೊಂದು ಮಾತನ್ನು ಇಲ್ಲಿ ಹೆಣ್ಣುಮಕ್ಕಳ ತಾಯಿಯಾಗಿ ಹೇಳಲೇಬೇಕು. ಮುಟ್ಟಿನ ದಿನಗಳಲ್ಲಿ ಮೈಬಿಸಿ, ನಾಡಿ, ನಿದ್ದೆ ಎಲ್ಲವೂ ಏರುಪೇರಾಗುತ್ತವೆ. ತಿಂಗಳುಗಟ್ಟಲೆ ದಾಖಲೆ ಇಟ್ಟವರಿಗೆ ಅದು ತಿಳಿಯದೇ ಇರುತ್ತದೆಯೇ? ನನ್ನ ಮಗಳು ನನಗೂ ಸಂಕೋಚದಿಂದ ಹೇಳುವುದನ್ನು ಸಂಸ್ಥೆಯ ಕಂಪ್ಯೂಟರ್ ಏಕೆ ತಿಳಿಯಬೇಕು? ಅವಳ ಪಕ್ಕದಲ್ಲಿ ರಂಜಾನ್ ಉಪವಾಸ ಹಿಡಿದು ಕೂರುವ ಗೆಳತಿ ಇದ್ದಾಳೆ. ಮಧ್ಯಾಹ್ನ ಮೂರರ ಹೊತ್ತಿಗೆ ಅವಳ ದಣಿವಿಗೆ ‘ಬೇಸರ’ ಎಂದು ಹೆಸರಿಡುತ್ತಾರೆಯೇ?

ಯಾದಗಿರಿ ವಕೀಲ
ಕಾನೂನಿನ ಮಾತು ಹೇಳುತ್ತೇನೆ. ಮಿದುಳು ಓದುವ ಪ್ರಶ್ನೆ ನಮ್ಮ ರಾಜ್ಯದ ಹೆಸರಿನ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು: ಸೆಲ್ವಿ ಮತ್ತು ಕರ್ನಾಟಕ ರಾಜ್ಯ. 2010ರ ಮೇ 5ರ ಆ ತೀರ್ಪಿನಂತೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮಿದುಳಿನ ವಿದ್ಯುತ್ ಪರೀಕ್ಷೆಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ. ಅದಕ್ಕೂ ಮೊದಲು, 2008ರಲ್ಲಿ, ಪುಣೆಯ ನ್ಯಾಯಾಲಯವೊಂದು ಇಂಥ ಮಿದುಳು ಪರೀಕ್ಷೆಯ ವರದಿಯನ್ನೂ ಸಾಕ್ಷ್ಯಗಳ ಜೊತೆ ಪರಿಗಣಿಸಿ ಕೊಲೆ ಪ್ರಕರಣದಲ್ಲಿ ಶಿಕ್ಷೆ ವಿಧಿಸಿತ್ತು. ಕೊಲೆ ಆರೋಪಿಗೆ ಇರುವ ರಕ್ಷಣೆ ನೀಟ್‌ಗೆ ಓದುವ ಹುಡುಗಿಗೆ ಇರಬಾರದೇ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನ ಮಕ್ಕಳ ವರ್ತನೆಯ ಮೇಲೆ ಕಣ್ಣಿಡುವುದನ್ನು ನಿಷೇಧಿಸುತ್ತದೆ. ನಿಯಮಗಳ ಮೂಲಕ ಕೆಲವರಿಗೆ ವಿನಾಯಿತಿ ಕೊಡುವ ಬಾಗಿಲನ್ನೂ ತೆರೆದಿಟ್ಟುಕೊಂಡಿದೆ. ಆದ್ದರಿಂದ ಬರೀ ಕಾಯ್ದೆ ನಂಬಿ ಕೂರಬೇಡಿ. ಯುರೋಪ್ ಒಕ್ಕೂಟ ಹೆಚ್ಚು ಗಟ್ಟಿಯಾಗಿ ನಿಂತಿದೆ: ಕೆಲಸದ ಜಾಗ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ದೇಹದ ಗುರುತುಗಳಿಂದ ಭಾವನೆ ಊಹಿಸುವ ವ್ಯವಸ್ಥೆಗಳಿಗೆ 2025ರ ಫೆಬ್ರುವರಿ 2ರಿಂದ ನಿಷೇಧ. ಚಿಕಿತ್ಸೆ ಮತ್ತು ಸುರಕ್ಷತೆಗೆ ಮಾತ್ರ ಅವಕಾಶ. ಚಾಲಕ ಅಣ್ಣ ಹೇಳಿದ ವ್ಯತ್ಯಾಸವನ್ನೇ ಆ ಕಾನೂನೂ ಮಾಡಿದೆ.

ಕಾಗಿಣಾ ದಂಡೆ
ಒಪ್ಪಬೇಕಾದದ್ದನ್ನು ಒಪ್ಪುತ್ತೇನೆ. ‘ಬೇಸರ’, ‘ಏಕಾಗ್ರತೆ’ ಎಂಬ ಹೆಸರುಗಳನ್ನು ಈ ಅಳತೆಗಳು ಹೊರಲಾರವು. ಮೈಕ್ರೋಸಾಫ್ಟ್ ಕೂಡ ಮುಖ ನೋಡಿ ಭಾವನೆ ಹೇಳುವ ತನ್ನ ಸೌಲಭ್ಯವನ್ನು ಹಿಂಪಡೆಯುವುದಾಗಿ 2022ರಲ್ಲಿ ಪ್ರಕಟಿಸಿತು. ಆದರೆ ಮೇಷ್ಟ್ರೇ, ‘ಹುಡುಗಿಯನ್ನೇ ಕೇಳಿ’ ಎಂದಿರಿ. ಕೇಳುವವರು ಎಲ್ಲಿದ್ದಾರೆ? ಒಂದು ತರಗತಿಯಲ್ಲಿ ನೂರು ಮಕ್ಕಳನ್ನು ತುಂಬಿ, ಒಬ್ಬ ಆಪ್ತಸಮಾಲೋಚಕರನ್ನೂ ನೇಮಿಸದ ಕಡೆ ಯಾರು ಯಾರನ್ನು ಕೇಳುತ್ತಾರೆ? ಭಾವನೆ ಹುಡುಕಲು ಹೊರಟಿದ್ದರಿಂದಲೇ ಆ ಮೂರ್ಛೆ ಸಿಕ್ಕಿತು ಎಂಬುದನ್ನೂ ಮರೆಯಬೇಡಿ.

ಬೀದರಿನ ಮೇಷ್ಟ್ರು
ಸಿಕ್ಕಿತು, ಏಕೆಂದರೆ ಅಲ್ಲಿ ಅಣ್ಣನಿದ್ದ, ದಾಖಲೆ ಕಂಡು ಮನೆಗೆ ಫೋನ್ ಮಾಡಿ ಕೇಳುವವರಿದ್ದರು. ಪಟ್ಟಿಗಳ ದುಡ್ಡಿನಲ್ಲಿ ಸಮಾಲೋಚಕರಿಗೆ ಸಂಬಳ ಕೊಡಲಿ. ಅಲ್ಲಿಯವರೆಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ಕೊಠಡಿಯ ಗೋಡೆಗೆ ಬರೆಸಲಿ. ಕರೆಗೆ ಶುಲ್ಕವಿಲ್ಲ, ಕನ್ನಡದಲ್ಲೂ ಮಾತನಾಡಬಹುದು.

ತೊಗರಿಕಣಜ
ನಿನ್ನೆ ರಾತ್ರಿ ಮಗಳನ್ನೇ ಕೇಳಿದೆ. ‘ಪಟ್ಟಿ ಏನು ಹೇಳಿಬಿಡುತ್ತದೋ ಎಂಬ ಭಯದಲ್ಲೇ ಕೂರಬೇಕಾಗುತ್ತದೆ, ಪಾಠ ತಲೆಗೆ ಹೋಗುವುದಿಲ್ಲ’ ಎಂದಳು. ಆಮೇಲೆ ಭೌತಶಾಸ್ತ್ರದ ತರಗತಿಯಲ್ಲಿ ಎರಡು ತಿಂಗಳಿಂದ ಏನೂ ಅರ್ಥವಾಗುತ್ತಿಲ್ಲ ಎಂದೂ ಹೇಳಿದಳು. ಇದು ನನಗೆ ಗೊತ್ತೇ ಇರಲಿಲ್ಲ. ನಾನು ಸಹಿ ಮಾಡುವುದಿಲ್ಲ. ಕಾಗಿಣಾ ದಂಡೆಯ ಸರ್, ಭಾನುವಾರದ ಸಭೆಗೆ ನೀವು ಬರಬಹುದೇ? ಯಂತ್ರದ ಪ್ರಶ್ನೆ ಕೇಳಲು ನಮ್ಮಲ್ಲಿ ಯಾರಿಗೂ ಧೈರ್ಯ ಸಾಲದು.

ಕಾಗಿಣಾ ದಂಡೆ
ಬರುತ್ತೇನೆ, ಅಕ್ಕನವರೇ. ಪಟ್ಟಿಯೇ ಬೇಡ ಎನ್ನಲು ಬರುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಯಾವ ಊರಿನ, ಯಾವ ವಯಸ್ಸಿನ ಮಕ್ಕಳ ಕೈಗೆ ಕಟ್ಟಿ ಪರೀಕ್ಷಿಸಿದ್ದೀರಿ, ಎಷ್ಟು ಸಲ ತಪ್ಪಿದೆ, ಬೇಡವೆನಿಸಿದಾಗ ಮಗು ಬಿಚ್ಚಿಡಬಹುದೇ, ವರದಿ ಮೊದಲು ಮಗುವಿಗೇ ಸಿಗುತ್ತದೆಯೇ ಎಂದು ಕೇಳುತ್ತೇನೆ. ಬರಹದಲ್ಲಿ ಉತ್ತರ ಸಿಗದಿದ್ದರೆ ಉಳಿದ ಪೋಷಕರಿಗೂ ಸಹಿ ಮಾಡಬೇಡಿ ಎಂದು ಅಲ್ಲೇ ನಿಂತು ಹೇಳುತ್ತೇನೆ. ಸಭೆ ಎಷ್ಟು ಗಂಟೆಗೆ?