ಒಂಬತ್ತು ತಿಂಗಳ ಮಗುವಿಗೆ ರಾತ್ರಿಯ ಬಾಟಲಿ ಬಿಡಿಸುವುದು ಹೇಗೆ?

ಪ್ರಶ್ನೆ, ಬದಿಯಡ್ಕದಿಂದ: ಮಗುವಿಗೆ ಒಂಬತ್ತು ತಿಂಗಳು, ತೂಕ ಸರಿಯಿದೆ. ರಾತ್ರಿ ಹತ್ತಕ್ಕೆ 150 ಮಿ.ಲೀ., ಒಂದಕ್ಕೆ 120, ನಾಲ್ಕಕ್ಕೆ 120 ಡಬ್ಬಿ ಹಾಲು ಬೇಕೇ ಬೇಕು. ಬಾಟಲಿ ಬಾಯಲ್ಲಿದ್ದರೇ ನಿದ್ದೆ. ಹಗಲು ಊಟ ಸೇರುವುದಿಲ್ಲ. ಹಾಲಿಗೆ ದಿನಾ ಸ್ವಲ್ಪ ನೀರು ಜಾಸ್ತಿ ಮಾಡಿದರೆ ತಾನೇ ಬಿಡುತ್ತದೆ ಅನ್ನುತ್ತಾರೆ, ಹೌದಾ?

ಕುಂಬಳೆಯಿಂದ: ನೀರು ಜಾಸ್ತಿ ಮಾಡುವ ಕೆಲಸ ಬೇಡ ಅಕ್ಕ. ತೆಳು ಹಾಲು ಹೊಟ್ಟೆ ತುಂಬಿಸುತ್ತದೆ, ಪೋಷಣೆ ಕೊಡುವುದಿಲ್ಲ. ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವುದೂ ಉಂಟು. ಹುಡಿ-ನೀರಿನ ಅಳತೆ ಹಾಗೇ ಇರಲಿ, ಒಟ್ಟು ಹಾಲು ಕಡಿಮೆಯಾಗಲಿ. ಹೆಚ್ಚಿನ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಡಬ್ಬಿಯೊಳಗಿನ ಚಮಚದಲ್ಲಿ ಮಟ್ಟಸವಾಗಿ ಒಂದು ಚಮಚ ಹುಡಿ (ನಿಮ್ಮ ಡಬ್ಬಿಯ ಮೇಲೆ ಓದಿಕೊಳ್ಳಿ), ಹಾಗಾಗಿ ಒಂದೊಂದೇ ಚಮಚ ಇಳಿಸುವುದು ಸುಲಭ. 120 ಇದ್ದದ್ದು ಎರಡು ರಾತ್ರಿ 90, ಮತ್ತೆರಡು ರಾತ್ರಿ 60, ಐದನೆಯ ರಾತ್ರಿ ಇಲ್ಲ.

ಮೂರೂ ಬಾಟಲಿಗೆ ಒಟ್ಟಿಗೆ ಕೈ ಹಾಕಬೇಡಿ. ಒಂದು ಗಂಟೆಯದ್ದು ಮೊದಲು, ಯಾಕೆಂದರೆ ಆಗ ನಿದ್ದೆಯ ಸೆಳೆತ ಜಾಸ್ತಿ, ತಟ್ಟಿದರೆ ಮತ್ತೆ ಮಲಗುವ ಸಾಧ್ಯತೆ ಹೆಚ್ಚು. ನಾಲ್ಕರದ್ದು ಕೊನೆಗೆ, ಅಷ್ಟೊತ್ತಿಗೆ ನಿದ್ದೆ ಮುಕ್ಕಾಲು ತೀರಿರುತ್ತದೆ, ಅದೇ ಎಲ್ಲಕ್ಕಿಂತ ಹಟದ ಬಾಟಲಿ.

ಮಂಜೇಶ್ವರದಿಂದ: ಊಟ ಸೇರದಿರುವುದಕ್ಕೆ ಆ ಹಾಲೇ ಕಾರಣ ಇರಬಹುದು. ಲೆಕ್ಕ ಹಾಕಿ: 390 ಮಿ.ಲೀ. ಅಂದರೆ ಸುಮಾರು 260 ಕ್ಯಾಲೊರಿ, ಈ ಪ್ರಾಯಕ್ಕೆ ದಿನದ ಅಗತ್ಯದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ರಾತ್ರಿ ಕಡಿಮೆ ಮಾಡಿದಷ್ಟನ್ನು ಹಗಲಿಗೆ ಸೇರಿಸದಿದ್ದರೆ ಮಗು ಹಸಿವಿನಿಂದಲೇ ಏಳುತ್ತದೆ, ಆಗ ಅಳುವುದು ಹಟವಲ್ಲ. ಸಂಜೆ ಆರೂವರೆಗೆ ಹೆಸರುಬೇಳೆ ಹಾಕಿದ ಮೆತ್ತಗಿನ ಅನ್ನಕ್ಕೆ ಒಂದು ಸಣ್ಣ ಚಮಚ ತುಪ್ಪ, ಅಥವಾ ರಾಗಿ ಮಣ್ಣಿ (ಹುಡಿ ಕಾಯಿಸಿ ಮಾಡಿದ ಗಟ್ಟಿ ಗಂಜಿ), ಅಥವಾ ನೇಂದ್ರ ಬಾಳೆಕಾಯಿ ಹುಡಿಯದ್ದು. ಬೆಲ್ಲ, ಸಕ್ಕರೆ ಬೇಡ. ಜೇನಂತೂ ವರ್ಷ ತುಂಬುವವರೆಗೆ ನಾಲಿಗೆಗೂ ಮುಟ್ಟಿಸಬೇಡಿ. ಅಂಗನವಾಡಿಯಲ್ಲಿ ಮಕ್ಕಳಿಗೆಂದು ಸಿಗುವ ಅಮೃತಂ ಪೌಷ್ಟಿಕ ಹುಡಿ ಕೊಡಬಹುದು, ಆದರೆ ಅದರಲ್ಲಿ ಸಕ್ಕರೆ ಮೊದಲೇ ಇದೆ, ಹಾಗಾಗಿ ಬೆಳಿಗ್ಗೆಗೆ ಇಡಿ.

ಮಣ್ಣಿಯನ್ನು ತೆಳು ಮಾಡಿ ಬಾಟಲಿಗೆ ಹಾಕುವವರಿದ್ದಾರೆ. ಅದರಿಂದ ನಿದ್ದೆ ಉದ್ದವಾಗುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಬೇರೆ. ಚಮಚದಲ್ಲೇ ತಿನ್ನಿಸಿ.

ಕಾಸರಗೋಡು ಪೇಟೆಯಿಂದ: ಹತ್ತರ ಬಾಟಲಿಯನ್ನು ನಿಲ್ಲಿಸುವ ಬದಲು ಮುಂಚೆಗೆ ತನ್ನಿ, ದಿನಕ್ಕೆ 15 ನಿಮಿಷದಂತೆ ಎಂಟರವರೆಗೆ. ದೀಪ ಉರಿಯುತ್ತಿರುವಾಗ, ಮಡಿಲಲ್ಲಿ ಕೂರಿಸಿ ಕುಡಿಸಿ. ಆಮೇಲೆ ಒದ್ದೆ ಬಟ್ಟೆಯಿಂದ ಹಲ್ಲು ಒರೆಸಿ, ಡಯಾಪರ್ ಬದಲಿಸಿ. ಅರ್ಧ ಗಂಟೆ ಕಳೆದು, ಕಣ್ಣು ಎಳೆಯುತ್ತಿದ್ದರೂ ಎಚ್ಚರ ಇರುವಾಗಲೇ ಅಂಗಾತ ಮಲಗಿಸಿ. ಇದು ತಪ್ಪಿದರೆ ಉಳಿದ ಲೆಕ್ಕವೆಲ್ಲ ದಂಡ. ಬಾಟಲಿ ಬಾಯಲ್ಲಿಟ್ಟೇ ಮಲಗಿದ ಮಗು ನಡುರಾತ್ರಿ ಅರೆ ಎಚ್ಚರವಾದಾಗ ಅದನ್ನೇ ಹುಡುಕುತ್ತದೆ. ಮೇಲಿನ ಮುಂದಿನ ಹಲ್ಲು ಹುಳುಕಾಗುವುದೂ ಹೀಗೆಯೇ. ಸೀರೆ ತೊಟ್ಟಿಲು ತೂಗಿ ಮಲಗಿಸಿದರೂ ಅದೇ ಕಥೆ, ಬಾಟಲಿ ಹೋಗಿ ತೂಗುವುದು ಬರುತ್ತದೆ, ಅಷ್ಟೆ.

ಎದ್ದರೆ ಎರಡು ಮೂರು ನಿಮಿಷ ಕಾಯಿರಿ. ಜೋರಾದರೆ ಹೋಗಿ ತಟ್ಟಿ, ದೀಪ ಹಾಕಬೇಡಿ, ಮಾತು ಬೇಡ. ಬಾಟಲಿ ಕೊಡುತ್ತಿದ್ದವರು ಬಿಟ್ಟು ಬೇರೆಯವರು ಹೋದರೆ ಒಳ್ಳೆಯದು. ಅಪ್ಪ ಗಲ್ಫಿನಲ್ಲಿದ್ದರೆ ಅಜ್ಜಿಯೇ ಗತಿ. ಆದರೆ ಅಜ್ಜಿ ಕನಿಕರಪಟ್ಟು ಮೂರನೆಯ ರಾತ್ರಿ ಬಾಟಲಿ ಕೊಟ್ಟರೆ, ಜಾಸ್ತಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಮೊದಲೇ ಮಾತಾಡಿಕೊಳ್ಳಿ.

ಬದಿಯಡ್ಕದಿಂದ: ಬರುವ ವಾರ ಒಂಬತ್ತು ತಿಂಗಳ ಚುಚ್ಚುಮದ್ದು ಇದೆ. ಈಗಲೇ ಶುರು ಮಾಡಬಹುದಾ?

ಕುಂಬಳೆಯಿಂದ: ಬೇಡ. ದಡಾರ-ರುಬೆಲ್ಲಾ ಚುಚ್ಚಿದ ಮೇಲೆ ಜ್ವರ ಬರುವುದಿದ್ದರೆ ಹೆಚ್ಚಾಗಿ 7ರಿಂದ 12 ದಿನದೊಳಗೆ. ಚುಚ್ಚಿಸಿ ಎರಡು ವಾರ ಬಿಟ್ಟು ಶುರು ಮಾಡಿ. ಅಲ್ಲಿಯವರೆಗೆ ಸಂಜೆ ಊಟ, ಎಂಟರ ಬಾಟಲಿ ಇವೆರಡನ್ನು ರೂಢಿ ಮಾಡಿ. ಚುಚ್ಚುಮದ್ದಿಗೆ ಹೋದಾಗ ತೂಕ ಬರೆಸಿಕೊಳ್ಳಿ, ಹೋಲಿಸಲು ಬೇಕು. ಶುರು ಮಾಡಿದ ಮೇಲೆ ಮೂತ್ರ ಕಡಿಮೆಯಾದರೆ, ಮುಂದಿನ ತಿಂಗಳ ತೂಕ ಏರದಿದ್ದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮಗು ದಿನ ತುಂಬುವ ಮುಂಚೆ ಹುಟ್ಟಿದ್ದಾದರೆ ಶುರು ಮಾಡುವ ಮೊದಲೇ ಕೇಳಿ.